ಹಾರದೇ ಹೋದ ಕೊಲಂಬಸ್

ಮೊದಲು ಒಂದು ದೃಶ್ಯ ಹೇಳುತ್ತೇನೆ. 2006ರ ಅಕ್ಟೋಬರ್. ಅಮೆರಿಕದ ಒರ್ಲಾಂಡೊ. ಬಿಸಿನೆಸ್ ಜೆಟ್, ಅಂದರೆ ಕಂಪನಿಗಳು, ಸಾಹುಕಾರರು ಸ್ವಂತ ಓಡಾಟಕ್ಕೆ ಇಟ್ಟುಕೊಳ್ಳುವ ಜೆಟ್ ವಿಮಾನ, ಮಾಡುವವರು, ಮಾರುವವರು, ಕೊಳ್ಳುವವರು ವರ್ಷಕ್ಕೊಮ್ಮೆ ಸೇರುವ ಜಾತ್ರೆ. ಅಲ್ಲಿ ಸೆಸ್ನಾ ಕಂಪನಿಯವರು ಒಂದು ಕ್ಯಾಬಿನ್ ತಂದು ಇಟ್ಟಿದ್ದಾರೆ. ವಿಮಾನ ಅಲ್ಲ, ಬರೀ ಕ್ಯಾಬಿನ್ನಿನ ಮಾದರಿ. ಅದಕ್ಕೆ ಸರಿಯಾದ ಒಂದು ಹೆಸರೂ ಇಲ್ಲ, 'ಲಾರ್ಜ್ ಕ್ಯಾಬಿನ್ ಕಾನ್ಸೆಪ್ಟ್' ಅಂತ ಕರೆಯುತ್ತಿದ್ದರು. ಬಂದವರಿಗೆ ಕಂಪನಿ ಕೇಳುತ್ತಿದ್ದದ್ದು ಇಷ್ಟೇ: ಇಂಥದ್ದೊಂದು ಮಾಡಿದರೆ ತಗೊಳ್ತೀರಾ?

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅಂತ ನಮ್ಮಲ್ಲಿ ನಗುತ್ತಾರೆ. ಆದರೆ ವಿಮಾನದ ವ್ಯಾಪಾರದಲ್ಲಿ ಸರಿಯಾದ ಕ್ರಮವೇ ಅದು. ಮೊದಲು ಕುಲಾವಿ ತೋರಿಸಬೇಕು. ಯಾರ ಕಣ್ಣು ಅರಳಿತು ಅಂತ ನೋಡಬೇಕು. ಕೂಸಿನ ಯೋಚನೆ ಆಮೇಲೆ. ಯಾಕೆಂದರೆ ಈ ಕೂಸಿಗೆ ಆಗುವ ಖರ್ಚು ಸಾವಿರಾರು ಕೋಟಿ ರೂಪಾಯಿ.

ಆ ಕೂಸಿಗೆ ಮುಂದೆ 'ಸೈಟೇಶನ್ ಕೊಲಂಬಸ್' ಅಂತ ಹೆಸರಿಟ್ಟರು. ಅದು ಹುಟ್ಟಲಿಲ್ಲ. ಈ ಸಂಜೆ ನಾನು ಮಾತಾಡುವುದು ಅದರ ಬಗ್ಗೆ. ಹಾರಿದ ವಿಮಾನಗಳ ಬಗ್ಗೆ ಪುಸ್ತಕಗಳಿವೆ, ಮ್ಯೂಸಿಯಂಗಳಿವೆ. ಹಾರದೇ ಇದ್ದ ವಿಮಾನಕ್ಕೆ ಯಾರೂ ಮ್ಯೂಸಿಯಂ ಕಟ್ಟುವುದಿಲ್ಲ ಅಲ್ವಾ? ನಾನು ಕೆಲವು ವರ್ಷ ವಿಮಾನದ ತೂಕದ ಲೆಕ್ಕ ಇಡುವ ಗುಂಪಿನಲ್ಲಿ ಕೂತಿದ್ದವನು. ಕಾಗದದ ಮೇಲೆಯೇ ಉಳಿದ ವಿಮಾನಗಳ ಮೇಲೆ ನನಗೆ ಸ್ವಲ್ಪ ಮಮತೆ ಜಾಸ್ತಿ.

ಸೆಸ್ನಾ ಅಂದರೆ ನಿಮಗೆ ನೆನಪಾಗುವುದು ಫ್ಲೈಯಿಂಗ್ ಸ್ಕೂಲಿನ ಪುಟ್ಟ ವಿಮಾನ. ಜಕ್ಕೂರಿನ ಕಡೆ ಓಡಾಡಿದವರು ತಲೆಯ ಮೇಲೆ ಗುಂಯ್ ಅಂತ ಸುತ್ತುವ ಆ ಜಾತಿಯ ವಿಮಾನ ನೋಡಿರುತ್ತೀರಿ. ಕಂಪನಿಯ ಊರು ಕಾನ್ಸಾಸ್ ರಾಜ್ಯದ ವಿಚಿಟಾ. ಗೋಧಿ ಬೆಳೆಯುವ ಬಯಲು ಸೀಮೆ, ಆದರೆ ತನ್ನನ್ನು ತಾನು ವಿಮಾನಗಳ ರಾಜಧಾನಿ ಅಂತ ಕರೆದುಕೊಳ್ಳುವ ಊರು. ಸೆಸ್ನಾದ ಬಿಸಿನೆಸ್ ಜೆಟ್‌ಗಳ ಮನೆತನದ ಹೆಸರು ಸೈಟೇಶನ್. ಮೊದಲ ಸೈಟೇಶನ್ 1969ರ ಸೆಪ್ಟೆಂಬರ್‌ನಲ್ಲಿ ಹಾರಿತು. ಅದು ಎಷ್ಟು ನಿಧಾನ ಅಂದರೆ ಜನ ಅದನ್ನು 'ಸ್ಲೋಟೇಶನ್' ಅಂತ ಆಡಿಕೊಂಡರು. ಹಕ್ಕಿಗಳು ಹಿಂದಿನಿಂದ ಬಂದು ಡಿಕ್ಕಿ ಹೊಡೆಯುತ್ತವೆ ಅಂತ ಜೋಕು. ಆದರೆ ಅದು ಸುಲಭವಾಗಿ ಹಾರಿಸಬಹುದಾದ, ಸಣ್ಣ ರನ್‌ವೇಯಲ್ಲೂ ಇಳಿಯುವ ವಿಮಾನ. ಚೆನ್ನಾಗಿಯೇ ಮಾರಾಟವಾಯಿತು. ನಕ್ಕವರು ಆಮೇಲೆ ಸುಮ್ಮನಾದರು. 1990ರ ದಶಕ ಮುಗಿಯುವಷ್ಟರಲ್ಲಿ ಅದೇ ಕಂಪನಿ ಶಬ್ದದ ವೇಗಕ್ಕೆ ಹತ್ತಿರ ಹತ್ತಿರ, ಮ್ಯಾಕ್ 0.92ರಲ್ಲಿ ಹೋಗುವ ಸೈಟೇಶನ್ ಟೆನ್ ಮಾಡಿತ್ತು.

ಇಷ್ಟಿದ್ದರೂ ಒಂದು ಕೊರತೆ ಉಳಿದಿತ್ತು. ಗಿರಾಕಿ ಮೊದಲು ಸಣ್ಣ ಸೈಟೇಶನ್ ಕೊಳ್ಳುತ್ತಾನೆ. ಬಿಸಿನೆಸ್ ಬೆಳೆದಾಗ ಮಧ್ಯಮದ್ದು ಕೊಳ್ಳುತ್ತಾನೆ. ಇನ್ನೂ ಬೆಳೆದು ಸಾಗರ ದಾಟಬೇಕು ಅನ್ನಿಸಿದಾಗ ಗಲ್ಫ್‌ಸ್ಟ್ರೀಮ್ ಅಂಗಡಿಗೋ, ಡಸಾಲ್ಟ್ ಅಂಗಡಿಗೋ, ಬೊಂಬಾರ್ಡಿಯರ್ ಅಂಗಡಿಗೋ ಹೋಗಿಬಿಡುತ್ತಾನೆ. ಸಾಕಿ ಬೆಳೆಸಿದ ಗಿರಾಕಿ, ಜೇಬು ತುಂಬಿದ ಹೊತ್ತಿಗೆ ಪಕ್ಕದ ಅಂಗಡಿಯ ಪಾಲು. ಕೊಲಂಬಸ್ ಹುಟ್ಟಿದ್ದು, ಅಂದರೆ ಕಾಗದದ ಮೇಲೆ ಹುಟ್ಟಿದ್ದು, ಈ ಹೊಟ್ಟೆಯುರಿಯಿಂದ.

2008ರ ಫೆಬ್ರವರಿಯಲ್ಲಿ ಅಧಿಕೃತವಾಗಿ ಘೋಷಿಸಿದರು. ಸೈಟೇಶನ್‌ಗಳಲ್ಲೇ ದೊಡ್ಡದು. ಎರಡು ಎಂಜಿನ್. ಹತ್ತು ಜನಕ್ಕೆ ಜಾಗ. ಬೆಲೆ 2.7 ಕೋಟಿ ಡಾಲರ್, ಆಗಿನ ಲೆಕ್ಕದಲ್ಲಿ ನೂರು ಕೋಟಿ ರೂಪಾಯಿಗೂ ಮೇಲೆ. ಒಂದೇ ಓಟಕ್ಕೆ 4,000 ನಾಟಿಕಲ್ ಮೈಲಿ. ನಮ್ಮ ಲೆಕ್ಕದಲ್ಲಿ 7,400 ಕಿಲೋಮೀಟರ್. 2011ರಲ್ಲಿ ಮೊದಲ ಹಾರಾಟ, 2013ರಲ್ಲಿ ಸರ್ಟಿಫಿಕೇಟ್, 2014ರಲ್ಲಿ ಗಿರಾಕಿಯ ಕೈಗೆ. ಸೆಸ್ನಾದ ಒಡೆಯ ಕಂಪನಿ ಟೆಕ್ಸ್‌ಟ್ರಾನ್ ಇದಕ್ಕೆ 78 ಕೋಟಿ ಡಾಲರ್ ಹಾಕಲು ಒಪ್ಪಿತು.

ಆ 7,400 ಕಿಲೋಮೀಟರ್ ಅಂಕಿಯನ್ನು ಸ್ವಲ್ಪ ಹಿಡಿದುಕೊಳ್ಳಿ. ಭೂಪಟದ ಮೇಲೆ ದಾರ ಎಳೆದು ಅಳೆದರೆ ವಿಚಿಟಾದಿಂದ ಲಂಡನ್‌ಗೆ ಸುಮಾರು 7,300. ಕಾರ್ಖಾನೆಯ ಬಾಗಿಲಿನಿಂದ ಲಂಡನ್‌ಗೆ ಎಲ್ಲೂ ನಿಲ್ಲದೆ, ಸರಿಯಾಗಿ ಅಳೆದು ಕೊಟ್ಟ ಹಾಗಿದೆ. ನಮ್ಮ ಬೆಂಗಳೂರಿನಿಂದ ಲಂಡನ್‌ಗೆ ಸುಮಾರು 8,000. ಅಂದರೆ ಕೊಲಂಬಸ್ ಇಲ್ಲಿಂದ ಹೊರಟಿದ್ದರೆ ನಡುವೆ ಎಲ್ಲಾದರೂ ಪೆಟ್ರೋಲ್ ಬಂಕ್ ಹುಡುಕಬೇಕಿತ್ತು. ಅದೂ ಪಶ್ಚಿಮಕ್ಕೆ ಹೋಗುವಾಗ ಎದುರುಗಾಳಿ. ಹೆಸರಿನ ಕೊಲಂಬಸ್ ಭಾರತಕ್ಕೆ ಅಂತ ಹೊರಟು ಬೇರೆಲ್ಲೋ ತಲುಪಿದ. ಈ ಕೊಲಂಬಸ್ ಹೊರಡಲೇ ಇಲ್ಲ.

ಈಗ ಸ್ವಲ್ಪ ಎಂಜಿನಿಯರಿಂಗ್. ಬೇಸರ ಮಾಡಿಕೊಳ್ಳಬೇಡಿ, ಕಥೆಯ ಗಂಟು ಇರುವುದು ಇಲ್ಲಿಯೇ.

ಎರಡೇ ಎಂಜಿನ್ ಯಾಕೆ? ಒಂದಿದ್ದರೆ, ಅದು ಕೆಟ್ಟರೆ ಮುಗಿಯಿತು. ನಾಲ್ಕಿದ್ದರೆ ಖರ್ಚು, ರಿಪೇರಿ, ತೂಕ ಎಲ್ಲ ಜಾಸ್ತಿ. ಎರಡರಲ್ಲಿ ಒಂದು ಕೆಟ್ಟರೆ ಅರ್ಧ ಶಕ್ತಿ ಹೋಯಿತು. ಆಗಲೂ ವಿಮಾನ ಮೇಲೇರಬೇಕು. ಅಮೆರಿಕದ ನಿಯಮದ ಪ್ರಕಾರ, ನೆಲ ಬಿಡುವ ಹೊತ್ತಿಗೆ ಒಂದು ಎಂಜಿನ್ ನಿಂತರೂ, ಚಕ್ರ ಒಳಗೆಳೆದುಕೊಂಡ ಮೇಲೆ ಎರಡು ಎಂಜಿನ್ನಿನ ವಿಮಾನ ಶೇಕಡಾ 2.4ರ ಏರಿನಲ್ಲಿ ಹತ್ತಬೇಕು. ನೂರು ಮೀಟರ್ ಮುಂದೆ ಹೋದರೆ 2.4 ಮೀಟರ್ ಮೇಲೆ. ಕೇಳಲಿಕ್ಕೆ ಏನೂ ಅಲ್ಲ ಅನ್ನಿಸುತ್ತದೆ. ಆದರೆ ಎಂಜಿನ್ ಎಷ್ಟು ದೊಡ್ಡದಿರಬೇಕು ಅನ್ನುವುದನ್ನು ಬಹಳ ಸಲ ಈ ಪುಟ್ಟ ಅಂಕಿಯೇ ತೀರ್ಮಾನಿಸುತ್ತದೆ. ಬೆಂಗಳೂರಿನಂಥ ಊರಿನಲ್ಲಿ ಇನ್ನೂ ಕಷ್ಟ. ನಮ್ಮ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಗಾಳಿ ತೆಳು. ಏಪ್ರಿಲ್ ಮಧ್ಯಾಹ್ನ ಇನ್ನೂ ತೆಳು. ಎಂಜಿನ್ನಿಗೂ ಉಸಿರು ಸಾಲುವುದಿಲ್ಲ, ರೆಕ್ಕೆಗೂ ಆಸರೆ ಸಾಲುವುದಿಲ್ಲ.

ಇನ್ನು, ಎಂಜಿನ್ ಬಾಲದ ಹತ್ತಿರ ಯಾಕೆ? ಏರ್‌ಬಸ್ಸಿನಲ್ಲಿ ರೆಕ್ಕೆಯ ಕೆಳಗೆ ಇರುತ್ತದಲ್ಲ ಅಂತ ಕೇಳಬಹುದು. ಬಿಸಿನೆಸ್ ಜೆಟ್ ನೆಲಕ್ಕೆ ಹತ್ತಿರ ಕೂರುವ ವಿಮಾನ. ಬಾಗಿಲು ತೆರೆದರೆ ಅದೇ ಮೆಟ್ಟಿಲಾಗಬೇಕು, ಯಾರೂ ಹೊರಗಿನಿಂದ ಏಣಿ ತರುವುದಿಲ್ಲ. ಅಷ್ಟು ಕುಳ್ಳಗಿನ ವಿಮಾನದ ರೆಕ್ಕೆಯ ಕೆಳಗೆ ಎಂಜಿನ್ ನೇತುಹಾಕಿದರೆ ಅದು ನೆಲ ಗುಡಿಸಿಕೊಂಡು ಹೋಗುತ್ತದೆ. ಹಾಗಾಗಿ ಹಿಂದೆ, ಮೈಗೆ ಅಂಟಿಸಿ ಇಡುತ್ತಾರೆ. ಮಾಲೀಕರ ಕಿವಿಗೂ ಸದ್ದು ಕಡಿಮೆ. ಎರಡೂ ಎಂಜಿನ್ ನಡುಗೆರೆಗೆ ಹತ್ತಿರ ಇರುವುದರಿಂದ ಒಂದು ನಿಂತರೆ ವಿಮಾನ ಪಕ್ಕಕ್ಕೆ ಎಳೆಯುವುದೂ ಕಡಿಮೆ.

ಡಿಸೈನ್ ಶುರುವಾಗುವಾಗ ಎಂಜಿನಿಯರುಗಳು 'ರಬ್ಬರ್ ಎಂಜಿನ್' ಇಟ್ಟುಕೊಂಡು ಲೆಕ್ಕ ಮಾಡುತ್ತಾರೆ. ಈ ಮಾತು ನಿಜವಾಗಿಯೂ ಬಳಕೆಯಲ್ಲಿದೆ, ನಾನು ಕಟ್ಟಿದ್ದಲ್ಲ. ರಬ್ಬರ್ ಅಂದರೆ ಎಳೆದಷ್ಟು ಹಿಗ್ಗುವ, ಬಿಟ್ಟರೆ ಕುಗ್ಗುವ ಎಂಜಿನ್. ಕ್ಯಾಬಿನ್ ಒಂದು ಇಂಚು ಅಗಲ ಮಾಡಿದಿರಾ? ಮೈ ದಪ್ಪವಾಯಿತು. ಗಾಳಿಯ ತಡೆ ಜಾಸ್ತಿಯಾಯಿತು. ಇಂಧನ ಜಾಸ್ತಿ ಬೇಕು. ಇಂಧನ ಹೊರಲು ರೆಕ್ಕೆ ದೊಡ್ಡದು. ರೆಕ್ಕೆ ದೊಡ್ಡದಾದರೆ ಚಕ್ರ ಗಟ್ಟಿ. ಎಲ್ಲ ಸೇರಿ ತೂಕ ಏರಿತು. ಆಗ ಎಂಜಿನ್ ಸ್ವಲ್ಪ ಹಿಗ್ಗಿಸಿ. ಎಂಜಿನ್ ಹಿಗ್ಗಿದರೆ ಅದರ ತೂಕ. ಮತ್ತೆ ಮೊದಲಿಂದ. ನಮ್ಮ ಗುಂಪಿನಲ್ಲಿ ಒಬ್ಬ ಹಿರಿಯರು ಇದನ್ನು ಮದುವೆ ಊಟದ ಪಟ್ಟಿ ಅನ್ನುತ್ತಿದ್ದರು. ಒಂದು ಸಿಹಿ ಸೇರಿಸಿದರೆ ಒಂದು ಖಾರ ಬೇಕು. ಖಾರ ಬಂದರೆ ಎಲೆ ಸಾಲದು. ಎಲೆ ದೊಡ್ಡದಾದರೆ ಮೇಜು ಸಾಲದು.

ಕಾಗದದ ಮೇಲೆ ಇದೆಲ್ಲ ನಡೆಯುತ್ತದೆ. ಒಂದು ದಿನ ರಬ್ಬರ್ ಬಿಟ್ಟು ನಿಜವಾದ ಎಂಜಿನ್ ಆರಿಸಬೇಕು. ಅದು ಚಪ್ಪಲಿ ಅಂಗಡಿಯ ಹಾಗೆ. ಏಳನೇ ನಂಬರ್ ಇದೆ, ಎಂಟನೇ ನಂಬರ್ ಇದೆ. ನಿಮ್ಮ ಕಾಲು ಏಳೂವರೆ ಆದರೆ ಅದು ನಿಮ್ಮ ಹಣೆಬರಹ. ಇಲ್ಲವಾದರೆ ಹೊಸದಾಗಿ ಹೊಲಿಸಬೇಕು.

ಸೆಸ್ನಾ ಹೊಸದಾಗಿ ಹೊಲಿಸಲು ಹೊರಟಿತು. ಪ್ರಾಟ್ ಅಂಡ್ ವಿಟ್ನಿ ಕೆನಡಾದವರ ಪಿಡಬ್ಲ್ಯು 810. ಒಂದೊಂದಕ್ಕೆ 9,000 ಪೌಂಡಿನ ಆಸುಪಾಸಿನ ನೂಕುಬಲ. ಆಗ ಪ್ರಾಟ್ ಅಂಡ್ ವಿಟ್ನಿ ಒಂದು ಹೊಸ ತಲೆಮಾರಿನ ಎಂಜಿನ್ ಮಾಡುತ್ತಿತ್ತು. ಎಂಜಿನ್ನಿನ ಹೃದಯ, ಅಂದರೆ ಗಾಳಿಯನ್ನು ಒತ್ತಿ, ಉರಿಸಿ, ಶಕ್ತಿ ತೆಗೆಯುವ ಒಳಭಾಗಕ್ಕೆ ಕೋರ್ ಅನ್ನುತ್ತಾರೆ. ಒಂದೇ ಬಗೆಯ ಕೋರ್ ಇಟ್ಟುಕೊಂಡು ಪ್ರಯಾಣಿಕರ ವಿಮಾನಕ್ಕೂ ಬಿಸಿನೆಸ್ ಜೆಟ್ಟಿಗೂ ಎಂಜಿನ್ ಮಾಡುವ ಯೋಚನೆ. ಪಿಡಬ್ಲ್ಯು 810 ಆ ಮನೆತನದ ಕೂಸು. ಅದೂ ಇನ್ನೂ ಹುಟ್ಟಬೇಕಿತ್ತು.

ಹೊಸ ಹೋರಿಯನ್ನು ನೊಗಕ್ಕೆ ಪಳಗಿಸುವಾಗ ರೈತ ಏನು ಮಾಡುತ್ತಾನೆ? ಜೊತೆಗೆ ಒಂದು ಪಳಗಿದ ಎತ್ತು ಕಟ್ಟುತ್ತಾನೆ. ಎರಡೂ ಹೊಸದಾದರೆ ಗಾಡಿ ಹಳ್ಳಕ್ಕೆ. ವಿಮಾನದಲ್ಲೂ ಹಳಬರು ಇದನ್ನೇ ಹೇಳುತ್ತಾರೆ: ಹೊಸ ವಿಮಾನಕ್ಕೆ ಹೊಸ ಎಂಜಿನ್ ಕಟ್ಟಬೇಡ. ಆದರೆ ದೂರ ಹೋಗಬೇಕು, ಇಂಧನ ಕಡಿಮೆ ಕುಡಿಯಬೇಕು ಅಂದರೆ ಹಳೆ ಎಂಜಿನ್ ಸಾಲುವುದಿಲ್ಲ. ಹಾಗಾಗಿ ಎಲ್ಲರೂ ಈ ಮಾತು ಹೇಳುತ್ತಾರೆ, ಎಲ್ಲರೂ ಮುರಿಯುತ್ತಾರೆ.

ಕೆಲಸ ಶುರುವಾಯಿತು. ರೆಕ್ಕೆ ಮಾಡಲು ಟೆಕ್ಸಾಸಿನ ವಾಟ್ ಕಂಪನಿ. ಮೈ ಮತ್ತು ಬಾಲ ಮಾಡಲು ವಿಚಿಟಾದಲ್ಲೇ ಇದ್ದ ಸ್ಪಿರಿಟ್. ಕಾಕ್‌ಪಿಟ್ಟಿನ ಉಪಕರಣ ರಾಕ್‌ವೆಲ್ ಕಾಲಿನ್ಸ್. ಕೊಳ್ಳುವ ಆಸೆ ಇದೆ ಅಂತ ಪತ್ರ ಬರೆದುಕೊಟ್ಟವರು ಸುಮಾರು 70. ಹೊಸ ಕಾರ್ಖಾನೆಗೆ ಕೈ ಹಾಕಿದರು. ಒಂದು ಮಾತು ನೆನಪಿರಲಿ, ಆಸೆಯ ಪತ್ರ ಅಂದರೆ ಆರ್ಡರ್ ಅಲ್ಲ. ಹುಡುಗಿ ನೋಡಿ, ಉಪ್ಪಿಟ್ಟು ತಿಂದು, ಮನೆಗೆ ಹೋಗಿ ತಿಳಿಸುತ್ತೇವೆ ಅಂದ ಹಾಗೆ.

ಅದೇ 2008ರ ಸೆಪ್ಟೆಂಬರ್ 15ಕ್ಕೆ ಅಮೆರಿಕದ ದೊಡ್ಡ ಬ್ಯಾಂಕ್ ಲೇಮನ್ ಬ್ರದರ್ಸ್ ದಿವಾಳಿಯಾಗಿ ಬಿತ್ತು, ಜಗತ್ತಿನ ಹಣಕಾಸೇ ಅಲ್ಲಾಡಿತು. ಮುಂದಿನದು ನಿಮಗೆ ಗೊತ್ತು. ಆದರೆ ಬಿಸಿನೆಸ್ ಜೆಟ್ಟಿಗೆ ಬಿದ್ದ ಪೆಟ್ಟು ಬರೀ ದುಡ್ಡಿನದಲ್ಲ, ಮರ್ಯಾದೆಯದು. ನವೆಂಬರ್‌ನಲ್ಲಿ ಜನರಲ್ ಮೋಟಾರ್ಸ್, ಫೋರ್ಡ್, ಕ್ರೈಸ್ಲರ್ ಮುಖ್ಯಸ್ಥರು ಸರ್ಕಾರದ ಹತ್ತಿರ ಸಾಲ ಕೇಳಲು ವಾಷಿಂಗ್ಟನ್‌ಗೆ ಬಂದರು. ಮೂವರೂ ಬಂದದ್ದು ಬೇರೆ ಬೇರೆ ಖಾಸಗಿ ಜೆಟ್‌ನಲ್ಲಿ. ಭಿಕ್ಷೆ ಕೇಳಲು ಪಲ್ಲಕ್ಕಿಯಲ್ಲಿ ಬಂದ ಹಾಗೆ. ಸಂಸದರು ಎಲ್ಲರೆದುರು ತರಾಟೆಗೆ ತೆಗೆದುಕೊಂಡರು. ಡಿಸೆಂಬರ್‌ನಲ್ಲಿ ಮತ್ತೆ ಕರೆದಾಗ ಮೂವರೂ ಡೆಟ್ರಾಯ್ಟ್ ಕಡೆಯಿಂದ ಕಾರಿನಲ್ಲಿ ಬಂದರು!

ಅದಾದ ಮೇಲೆ ಯಾವ ಕಂಪನಿಯ ಬೋರ್ಡ್ ಹೊಸ ಜೆಟ್‌ಗೆ ಸಹಿ ಹಾಕುತ್ತದೆ ಹೇಳಿ? ಕೊಳ್ಳಬೇಕಿದ್ದವರು ಮಾರಲು ನಿಂತರು. ಸೆಸ್ನಾ 2009ರಲ್ಲಿ 'ರೈಸ್' ಅಂತ ಜಾಹೀರಾತು ಹಾಕಿ, ಅಂಜಬೇಡಿ, ಮೇಲೇಳಿ ಅನ್ನುವ ಧಾಟಿಯಲ್ಲಿ ಧೈರ್ಯ ತುಂಬಲು ನೋಡಿತು. ಜಾಹೀರಾತಿನಿಂದ ಏಳುವ ಕಾಲ ಅದಲ್ಲ. ಒಡೆಯ ಟೆಕ್ಸ್‌ಟ್ರಾನ್‌ಗೆ ಇನ್ನೊಂದು ತಲೆನೋವು ಇತ್ತು. ಅದರ ಕೈಯಲ್ಲಿ ಒಂದು ಸಾಲ ಕೊಡುವ ಕಂಪನಿಯೂ ಇತ್ತು. ಒಂದು ವರ್ಷದ ಸ್ವಲ್ಪ ಹೆಚ್ಚುಕಡಿಮೆ ಅವಧಿಯಲ್ಲಿ ಟೆಕ್ಸ್‌ಟ್ರಾನ್ ಷೇರಿನ ಬೆಲೆ ಹತ್ತರಲ್ಲಿ ಒಂದು ಪಾಲಿಗಿಂತ ಕೆಳಗೆ ಇಳಿಯಿತು. ಮನೆಯ ಮಾಡು ಹಾರಿಹೋಗುತ್ತಿರುವಾಗ ಮಹಡಿ ಕಟ್ಟುವ ಮಾತು ಯಾರು ಆಡುತ್ತಾರೆ?

2009ರ ಏಪ್ರಿಲ್ ಕೊನೆಗೆ ಕೊಲಂಬಸ್ ಕೆಲಸ ನಿಲ್ಲಿಸಿದೆವು ಅಂದರು. ಜುಲೈನಲ್ಲಿ ಪೂರ್ತಿ ರದ್ದು. ಸೆಸ್ನಾದಲ್ಲಿ ಆ ಹೊತ್ತಿಗೆ ಹೆಚ್ಚುಕಡಿಮೆ ಅರ್ಧದಷ್ಟು ಕೆಲಸಗಾರರನ್ನು ತೆಗೆಯುವ ಪರಿಸ್ಥಿತಿ. ವಿಚಿಟಾದಂಥ ಊರಿನಲ್ಲಿ ಅದು ಬರೀ ಕಂಪನಿಯ ಸುದ್ದಿ ಅಲ್ಲ. ಕಿರಾಣಿ ಅಂಗಡಿಯ ಸುದ್ದಿ, ಬಾಡಿಗೆ ಮನೆಯ ಸುದ್ದಿ. ಐಟಿಐ, ಎಚ್‌ಎಂಟಿ ಕಾರ್ಖಾನೆಗಳು ಇಳಿಯುವುದನ್ನು ಕಂಡ ಬೆಂಗಳೂರಿನವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಕೊಲಂಬಸ್ ಕೆಟ್ಟ ಡಿಸೈನ್ ಆಗಿತ್ತಾ ಅಂತ ನನ್ನನ್ನು ಕೇಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಯಾರನ್ನೂ ಬೆರಗುಗೊಳಿಸುವ ವಿಮಾನವೂ ಅಲ್ಲ ಅದು. ಸೆಸ್ನಾ ಯಾವಾಗಲೂ ಮಾಡಿದ್ದನ್ನೇ ದೊಡ್ಡ ಅಳತೆಯಲ್ಲಿ ಮಾಡಲು ಹೊರಟಿತ್ತು: ಪಕ್ಕದವನಿಗಿಂತ ಸ್ವಲ್ಪ ಕಡಿಮೆ ಬೆಲೆ, ಸ್ವಲ್ಪ ಜಾಸ್ತಿ ಜಾಗ. ಎರಡು ವರ್ಷ ಮೊದಲು ಶುರುಮಾಡಿದ್ದರೆ? ಆಗ ರೆಕ್ಕೆಯ ಅಚ್ಚುಗಳು, ಮೈಯ ಅಚ್ಚುಗಳು ಸಿದ್ಧವಾಗಿರುತ್ತಿದ್ದವು. ಹಾಕಿದ ದುಡ್ಡು ಎಷ್ಟಿರುತ್ತಿತ್ತೆಂದರೆ ನಿಲ್ಲಿಸುವುದೇ ದುಬಾರಿ ಅನ್ನಿಸುತ್ತಿತ್ತು. ಕೊಲಂಬಸ್ ಸತ್ತದ್ದು ಸುಲಭವಾಗಿ ಸಾಯಬಹುದಾದ ವಯಸ್ಸಿನಲ್ಲಿ.

ಆದರೆ ಎಂಜಿನ್ ಸಾಯಲಿಲ್ಲ.

ಪ್ರಾಟ್ ಅಂಡ್ ವಿಟ್ನಿ ಕೆನಡಾದವರು ಗಿರಾಕಿ ಇಲ್ಲದ ಎಂಜಿನ್ನಿನ ಮೇಲೆ ಕೆಲಸ ಮುಂದುವರಿಸಿದರು. 2014ರ ಅಕ್ಟೋಬರ್‌ನಲ್ಲಿ ಗಲ್ಫ್‌ಸ್ಟ್ರೀಮ್ ತನ್ನ ಜಿ 500, ಜಿ 600 ವಿಮಾನಗಳ ಪರದೆ ಎತ್ತಿತು. ಬಾಲದ ಹತ್ತಿರ ಇದ್ದದ್ದು ಪಿಡಬ್ಲ್ಯು 800 ಮನೆತನದ ಎಂಜಿನ್. ಕೊಲಂಬಸ್‌ಗೆ ಹೊಲಿಸಿದ್ದೇ ಅಲ್ಲ, ಅದರ ದೊಡ್ಡಣ್ಣ. 15,000 ಪೌಂಡಿಗೂ ಮೇಲಿನ ಬಲ. ಗಿರಾಕಿಯನ್ನು ಗಲ್ಫ್‌ಸ್ಟ್ರೀಮ್ ಅಂಗಡಿಗೆ ಹೋಗದಂತೆ ತಡೆಯಬೇಕು ಅಂತ ಸೆಸ್ನಾ ಮಾಡಿಸಲು ಹೊರಟ ಎಂಜಿನ್ನಿನ ಕುಲ ಕೊನೆಗೆ ಸೇರಿದ್ದು ಅದೇ ಅಂಗಡಿಗೆ.

ಇತ್ತ ಸೆಸ್ನಾ ಮತ್ತೆ ಎದ್ದು ನಿಂತಿತು. 2012ರ ಮೇ ತಿಂಗಳಲ್ಲಿ ಜಿನೀವಾದಲ್ಲಿ ಸೈಟೇಶನ್ ಲಾಂಜಿಟ್ಯೂಡ್ ಘೋಷಿಸಿತು. ಈ ಸಲ ಎಂಜಿನ್ ಫ್ರಾನ್ಸಿನದು, ಹೆಸರು ಸಿಲ್ವರ್‌ಕ್ರೆಸ್ಟ್. ಅದೂ ಹೊಸ ಹೋರಿ. ಆಮೇಲೆ ಮನಸ್ಸು ಬದಲಿಸಿ ಹನಿವೆಲ್‌ನ ಪಳಗಿದ ಎಂಜಿನ್ ಕಟ್ಟಿದರು. ಲಾಂಜಿಟ್ಯೂಡ್ 2016ರಲ್ಲಿ ಹಾರಿತು, 2019ರಲ್ಲಿ ಸರ್ಟಿಫಿಕೇಟ್ ಪಡೆಯಿತು. ಇವತ್ತೂ ಹಾರುತ್ತಿದೆ.

ಆದರೆ ದೊಡ್ಡ ವಿಮಾನದ ಆಸೆ ಹೋಗಿರಲಿಲ್ಲ. 2015ರ ನವೆಂಬರ್‌ನಲ್ಲಿ ಸೈಟೇಶನ್ ಹೆಮಿಸ್ಫಿಯರ್ ಅಂತ ಇನ್ನೊಂದು ಎರಡು ಎಂಜಿನ್ನಿನ ಜೆಟ್ ಘೋಷಿಸಿದರು. 4,500 ನಾಟಿಕಲ್ ಮೈಲಿ, ಅಂದರೆ 8,300 ಕಿಲೋಮೀಟರ್. ಈ ಸಲ ಬೆಂಗಳೂರಿನಿಂದ ಲಂಡನ್‌ಗೂ ದಾರ ಸಾಲುತ್ತಿತ್ತು. ಕ್ಯಾಬಿನ್ 102 ಇಂಚು ಅಗಲ. ಮುಂದಿನ ವರ್ಷ ಎಂಜಿನ್ ಆರಿಸಿದರು. ಯಾವುದು ಹೇಳಿ? ಅದೇ ಸಿಲ್ವರ್‌ಕ್ರೆಸ್ಟ್.

ಅದೇ ಎಂಜಿನ್ನನ್ನು ಡಸಾಲ್ಟ್ ಕೂಡ ತನ್ನ ಫಾಲ್ಕನ್ 5 ಎಕ್ಸ್ ವಿಮಾನಕ್ಕೆ ಕಟ್ಟಿತ್ತು. ಎಂಜಿನ್ ವರ್ಷಗಟ್ಟಲೆ ತಡವಾಯಿತು. ವಿಮಾನ ಸಿದ್ಧ, ಎಂಜಿನ್ ಸಿದ್ಧವಿಲ್ಲ. ಮದುಮಗಳು ಹಸೆಮಣೆಯ ಮೇಲೆ ಕೂತಿದ್ದಾಳೆ, ಗಂಡಿನ ಬಸ್ಸು ಬಂದಿಲ್ಲ. 2017ರ ಜುಲೈನಲ್ಲಿ ಅಂತೂ ಒಮ್ಮೆ ಹಾರಿಸಿದರು. ಪರೀಕ್ಷೆಗಳಲ್ಲಿ ಎಂಜಿನ್ನಿನ ಕಂಪ್ರೆಸರ್, ಅಂದರೆ ಗಾಳಿ ಒತ್ತುವ ಭಾಗ, ಎತ್ತರದಲ್ಲಿ ಸರಿಯಾಗಿ ನಡೆದುಕೊಳ್ಳಲಿಲ್ಲ. ಅದೇ ಡಿಸೆಂಬರ್‌ನಲ್ಲಿ ಡಸಾಲ್ಟ್ 5 ಎಕ್ಸ್ ಅನ್ನೇ ರದ್ದು ಮಾಡಿತು. ಸೆಸ್ನಾದವರು 2018ರ ವಸಂತದಲ್ಲಿ ಹೆಮಿಸ್ಫಿಯರ್ ಕೆಲಸ ತಡೆಹಿಡಿದರು, ಮುಂದಿನ ವರ್ಷ ಪಕ್ಕಕ್ಕೇ ಇಟ್ಟರು. ಎರಡನೇ ಕೂಸೂ ಹುಟ್ಟಲಿಲ್ಲ.

ಡಸಾಲ್ಟ್ ಸುಮ್ಮನೆ ಕೂರಲಿಲ್ಲ. ಅದೇ ವಿಮಾನವನ್ನು ತಿದ್ದಿ, ಸ್ವಲ್ಪ ಉದ್ದ ಮಾಡಿ, ಬೇರೆ ಎಂಜಿನ್ ಕಟ್ಟಿ ಫಾಲ್ಕನ್ 6 ಎಕ್ಸ್ ಅಂತ ತಂದಿತು. 2021ರ ಮಾರ್ಚ್‌ನಲ್ಲಿ ಹಾರಿತು. ಆ ಬೇರೆ ಎಂಜಿನ್ ಯಾವುದು? ಪಿಡಬ್ಲ್ಯು 812 ಡಿ. ಕೊಲಂಬಸ್‌ನ ಎಂಜಿನ್ನಿನ ತಮ್ಮ. ಹೀಗೆ ಸೆಸ್ನಾದ ಮೊದಲ ಹಾರದ ವಿಮಾನದ ಎಂಜಿನ್ ಕುಲ ಬಂದು, ಅದರ ಎರಡನೇ ವಿಮಾನವನ್ನು ಮುಳುಗಿಸಿದ ಎಂಜಿನ್ನಿನ ಜಾಗದಲ್ಲಿ ಕೂತಿತು, ಮೂರನೆಯವರ ಮನೆಯಲ್ಲಿ. ಈ ಗಂಟನ್ನು ನಾನು ಮೊದಲ ಸಲ ಬಿಡಿಸಿದಾಗ ಒಂದು ಹಾಳೆಯಲ್ಲಿ ಬಾಣ ಹಾಕಿಕೊಂಡು ಬಿಡಿಸಬೇಕಾಯಿತು.

ಇದೆಲ್ಲ ಹೊರಗಿನವರ ಕಥೆ ಅಂದುಕೊಳ್ಳಬೇಡಿ. ಇನ್ನೊಂದು ಹಳೆಯ ಉದಾಹರಣೆ ಕೊಡುತ್ತೇನೆ. 1957ರ ಸೆಪ್ಟೆಂಬರ್‌ನಲ್ಲಿ ಲಾಕ್‌ಹೀಡ್ ಕಂಪನಿಯ ಜೆಟ್‌ಸ್ಟಾರ್ ಹಾರಿತು. ಮೊದಮೊದಲ ಬಿಸಿನೆಸ್ ಜೆಟ್‌ಗಳಲ್ಲಿ ಒಂದು. ಅದಕ್ಕೆ ಎರಡು ಎಂಜಿನ್ ಇತ್ತು, ಬ್ರಿಟನ್ನಿನ ಬ್ರಿಸ್ಟಲ್ ಆರ್ಫಿಯಸ್. ಆ ಎಂಜಿನ್ನನ್ನು ಅಮೆರಿಕದಲ್ಲೇ ತಯಾರಿಸುವ ಮಾತುಕತೆ ಮುರಿದುಬಿತ್ತು. ಹಾಗಾಗಿ ಮಾರಾಟಕ್ಕೆ ಬಂದ ಜೆಟ್‌ಸ್ಟಾರ್‌ಗೆಲ್ಲ ನಾಲ್ಕು ಸಣ್ಣ ಎಂಜಿನ್. ಎರಡು ಎಂಜಿನ್ನಿನ ಜೆಟ್‌ಸ್ಟಾರ್ ಮಾದರಿಯಲ್ಲೇ ನಿಂತಿತು.

ಅಮೆರಿಕದಲ್ಲಿ ತಯಾರಾಗದ ಆ ಆರ್ಫಿಯಸ್ ತಯಾರಾದದ್ದು ಎಲ್ಲಿ ಗೊತ್ತಾ? ಇಲ್ಲೇ, ನಮ್ಮ ಎಚ್‌ಎಎಲ್‌ನಲ್ಲಿ. ನ್ಯಾಟ್ ಯುದ್ಧವಿಮಾನಕ್ಕೆ ಒಂದು, ಮಾರುತ್ ಯುದ್ಧವಿಮಾನಕ್ಕೆ ಎರಡು. ಮಾರುತ್ ಕರ್ಟ್ ಟ್ಯಾಂಕ್ ಎಂಬ ಜರ್ಮನ್ ಎಂಜಿನಿಯರ್ ಬೆಂಗಳೂರಿನಲ್ಲಿ ಕೂತು ಮಾಡಿದ ಡಿಸೈನ್. 1961ರ ಜೂನ್ 17ರಂದು ಹಾರಿತು. ಅದಕ್ಕೆ ಬೇಕಿದ್ದದ್ದು ಇನ್ನೂ ಬಲವಾದ ಆರ್ಫಿಯಸ್ 12. ಬ್ರಿಟನ್ ಅದನ್ನು ಕೈಬಿಟ್ಟಿತು, ಮುಂದುವರಿಸುವ ಖರ್ಚು ಹೊರಲು ನಮ್ಮ ಸರ್ಕಾರ ಒಪ್ಪಲಿಲ್ಲ. ಕೊನೆಗೆ ಇದ್ದ ಸಣ್ಣ ಆರ್ಫಿಯಸ್ 703 ಹಾಕಿಯೇ 147 ಮಾರುತ್ ಮಾಡಿದರು. ಶಬ್ದದ ಎರಡು ಪಟ್ಟು ವೇಗ ಅಂತ ಬರೆದ ವಿಮಾನ ಅದರ ಹತ್ತಿರವೂ ಹೋಗಲಿಲ್ಲ. ಹಾರಿತು ನಿಜ. ಆದರೆ ಟ್ಯಾಂಕ್ ಬರೆದ ಮಾರುತ್ ಕೂಡ ಒಂದು ಲೆಕ್ಕದಲ್ಲಿ ಕಟ್ಟದೇ ಉಳಿದ ವಿಮಾನವೇ. ಯುದ್ಧವಿಮಾನಕ್ಕೆ ಅಂತ ನಮ್ಮವರೇ ಮಾಡಲು ಹೊರಟ ಕಾವೇರಿ ಎಂಜಿನ್ ಬಗ್ಗೆ ಕೇಳಬೇಕು ಅಂತ ಕೆಲವರು ಆಗಲೇ ಕೈ ಎತ್ತಿದ್ದೀರಿ. ಅದಕ್ಕೆ ಇನ್ನೊಂದು ಸಂಜೆಯೇ ಬೇಕು, ಜೊತೆಗೆ ಕಾಫಿಯೂ.

ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಆವರಣದಲ್ಲಿ ಒಂದು ಮಾರುತ್ ನಿಂತಿದೆ. ಮಕ್ಕಳು ಅದರ ಮೂಗಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನೀವು ಹೋದಾಗ ಹಿಂದಕ್ಕೆ ಹೋಗಿ ನೋಡಿ. ಅಕ್ಕಪಕ್ಕ ಎರಡು ತೂತು ಕಾಣುತ್ತವೆ. ಮೊದಲ ಜೆಟ್‌ಸ್ಟಾರ್‌ಗೆ ಕಟ್ಟಿದ್ದ ಎಂಜಿನ್ನಿನ ಒಡಹುಟ್ಟಿದವು ಕೂತಿದ್ದ ಜಾಗ ಅದು.